ಏಟು ತಿನ್ನುವುದೂ ಒಂದು ಆಟ: ಪೋಕೆಮಾನ್ ಡಬಲ್ಸ್‌ನಲ್ಲಿ ಸಪೋರ್ಟ್ ಆಡುವುದು ಹೇಗೆ?

2014ರ ಪೋಕೆಮಾನ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ವಾಷಿಂಗ್ಟನ್ ಡಿ.ಸಿ.ಯಲ್ಲಿ. ಗೆದ್ದವರು ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್. ಆದರೆ ಆ ಟೂರ್ನಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅವರ ತಂಡದ ಪಾಚಿರಿಸು. ಬಿಳಿ ಮೈಗೆ ನೀಲಿ ಪಟ್ಟೆಯ ಪುಟ್ಟ ಅಳಿಲು ಅದು. ಅದರ ಮುಖ್ಯ ಕೆಲಸ 'ಫಾಲೋ ಮಿ', ಅಂದರೆ ಎದುರಾಳಿಯ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವುದು. ತಂಡದಲ್ಲಿ ಗ್ಯಾರಡೋಸ್ ಇತ್ತು. ಗ್ಯಾರಡೋಸ್‌ಗೆ ಎಲೆಕ್ಟ್ರಿಕ್ ಮೂವ್ ಬಿದ್ದರೆ ನಾಲ್ಕು ಪಟ್ಟು ಪೆಟ್ಟು. ಅದೇ ಮೂವ್ ಪಾಚಿರಿಸುಗೆ ಬಿದ್ದರೆ 'ವೋಲ್ಟ್ ಅಬ್ಸಾರ್ಬ್' ಗುಣದಿಂದ ಅದರ ಎಚ್‌ಪಿ (ಜೀವಬಲ) ಏರುತ್ತದೆ!

ಡಬಲ್ಸ್‌ನಲ್ಲಿ ಆರು ಪೋಕೆಮಾನ್ ತೋರಿಸಿ ನಾಲ್ಕನ್ನು ಆರಿಸಿಕೊಂಡು, ಒಂದು ಸಲಕ್ಕೆ ಎರಡೆರಡು ಇಳಿಸುತ್ತೀರಿ. ಪಾಚಿರಿಸುವಿನಂತೆ ಜೊತೆಗಾರನಿಗೆ ನೆರವಾಗುವ ಪೋಕೆಮಾನ್‌ಗೆ ಸಪೋರ್ಟ್ ಅನ್ನುತ್ತಾರೆ. ಹೊಸಬರು ನಾಲ್ಕೂ ಹೊಡೆಯುವವೇ ಇರಲಿ ಅಂದುಕೊಳ್ಳುತ್ತಾರೆ. ಸೋಲು ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಜೊತೆಗಾರ, ಆಮೇಲೆ ಸಪೋರ್ಟ್

'ಯಾವ ಸಪೋರ್ಟ್ ಒಳ್ಳೆಯದು?' ಅಂತ ಕೇಳಬೇಡಿ. 'ನನ್ನ ಹೊಡೆಯುವವನಿಗೆ ಏನು ಕಡಿಮೆ ಇದೆ?' ಅಂತ ಕೇಳಿಕೊಳ್ಳಿ. ಗಾರ್ಚಾಂಪ್‌ಗೆ 'ಸ್ವೋರ್ಡ್ಸ್ ಡ್ಯಾನ್ಸ್' ಹಾಕಿ ಬಲ ಏರಿಸಿಕೊಳ್ಳಲು ಒಂದು ಟರ್ನ್ ಬೇಕು. ಹಾಗಿದ್ದರೆ ಏಟು ಎಳೆದುಕೊಳ್ಳುವ ಅಮೂಂಗಸ್ ಜೊತೆಗಿರಲಿ. ನಿಮ್ಮವನು ನಿಧಾನವಾಗಿದ್ದು ಎದುರಿನವರ ದೈಹಿಕ ಏಟಿಗೆ ಬೇಗ ಬೀಳುತ್ತಾನಾ? ಇನ್ಸಿನೆರೋರ್ ಇಳಿಸಿ. ಅದು ಕಣಕ್ಕೆ ಬಂದ ಕೂಡಲೇ 'ಇಂಟಿಮಿಡೇಟ್' ಗುಣದಿಂದ ಎದುರಿನ ಇಬ್ಬರ ಅಟ್ಯಾಕ್ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಎದುರು ಕಿಂಗ್ಯಾಂಬಿಟ್ ಇದ್ದರೆ ಮಾತ್ರ ಹುಷಾರು. ಅದಕ್ಕೆ 'ಡಿಫೈಯಂಟ್' ಗುಣವಿದ್ದರೆ ಇಳಿಸಲು ಹೋದ ಬಲ ಇನ್ನೂ ಜಾಸ್ತಿಯಾಗುತ್ತದೆ.

ಇವಿ ಹಂಚುವಾಗ ಒಂದು ಏಟಿನ ಹೆಸರು ಬರೆದಿಟ್ಟುಕೊಳ್ಳಿ

ಸ್ಕಾರ್ಲೆಟ್-ವೈಲೆಟ್‌ನಲ್ಲಿ ಒಂದು ಪೋಕೆಮಾನ್‌ಗೆ ಒಟ್ಟು 510 ಇವಿ (ಎಚ್‌ಪಿ, ಡಿಫೆನ್ಸ್, ಸ್ಪೀಡ್‌ನಂಥ ಅಂಶಗಳನ್ನು ಬೆಳೆಸಲು ಹಂಚುವ ಅಂಕ), ಒಂದು ಅಂಶಕ್ಕೆ ಹೆಚ್ಚೆಂದರೆ 252. ಸಪೋರ್ಟ್‌ಗೆ ಸಾಮಾನ್ಯವಾಗಿ ಮೊದಲು ಎಚ್‌ಪಿ ತುಂಬಿಸಿ, ಏಕೆಂದರೆ ಅದು ದೈಹಿಕ, ಸ್ಪೆಷಲ್ ಎರಡೂ ಬಗೆಯ ಏಟಿಗೆ ಕೆಲಸಕ್ಕೆ ಬರುತ್ತದೆ. 50ನೇ ಲೆವೆಲ್‌ನಲ್ಲಿ ಪೂರ್ತಿ ತುಂಬಿಸಿದ ಅಮೂಂಗಸ್‌ಗೆ 221 ಎಚ್‌ಪಿ ಬರುತ್ತದೆ, ಪಾಚಿರಿಸುಗೆ 167.

ಉಳಿದದ್ದನ್ನು ಸುಮ್ನೆ ಅರ್ಧರ್ಧ ಹಂಚಬೇಡಿ. ಡ್ಯಾಮೇಜ್ ಕ್ಯಾಲ್ಕುಲೇಟರ್ ತೆರೆದು, ನಿಮ್ಮನ್ನು ಪದೇ ಪದೇ ಬೀಳಿಸುವ ಒಂದು ಏಟನ್ನು ಹಾಕಿ ನೋಡಿ. ಪ್ರತಿ ಏಟಿನ ಬಲ 85ರಿಂದ 100 ಪ್ರತಿಶತದ ನಡುವೆ ಬದಲಾಗುತ್ತದೆ, ಹಾಗಾಗಿ ಮೇಲಿನ ಅಂಕಿಯನ್ನೇ ನೋಡಬೇಕು. ಆ ಏಟು ತಿಂದೂ ನಿಲ್ಲುವಷ್ಟು ಡಿಫೆನ್ಸ್ ಆದ ಮೇಲೆ ಮಿಕ್ಕಿದ್ದು ಇನ್ನೊಂದು ಕಡೆಗೆ. ಕೈಯಲ್ಲಿ ಸಿಟ್ರಸ್ ಬೆರ್ರಿ ಇರಲಿ. ಎಚ್‌ಪಿ ಅರ್ಧಕ್ಕೆ ಇಳಿದಾಗ ಅದು ಕಾಲು ಭಾಗ ತುಂಬಿಕೊಡುತ್ತದೆ.

ಯಾರು ಮೊದಲು, ಯಾರು ಆಮೇಲೆ

ನನ್ನ ಪ್ರಕಾರ ಸಪೋರ್ಟ್ ಆಟದ ಅರ್ಧ ಭಾಗ ಇದೇ. ಮೂವ್‌ಗಳಿಗೆ ಸರದಿ ಇದೆ, ಅಂಕಿ ದೊಡ್ಡದಿದ್ದದ್ದು ಮೊದಲು. ಆ ಟರ್ನ್‌ನ ಏಟು ತಡೆಯುವ 'ಪ್ರೊಟೆಕ್ಟ್'ಗೆ +4, 'ಫೇಕ್ ಔಟ್'ಗೆ +3, ಏಟು ಎಳೆದುಕೊಳ್ಳುವ ಅಮೂಂಗಸ್‌ನ 'ರೇಜ್ ಪೌಡರ್'ಗೆ +2. ಅಂದರೆ ಎದುರಿನ ಇನ್ಸಿನೆರೋರ್ ಫೇಕ್ ಔಟ್ ಹೊಡೆದರೆ ಅದು ನಿಮ್ಮ ರೇಜ್ ಪೌಡರ್‌ಗಿಂತ ಮೊದಲೇ ಬಂದು ಬೀಳುತ್ತದೆ. ಅಮೂಂಗಸ್‌ಗೆ ಬಿದ್ದರೆ ಅದು ಬೆಚ್ಚಿ ಆ ಟರ್ನ್ ಕಳೆದುಕೊಳ್ಳುತ್ತದೆ. 'ಕವರ್ಟ್ ಕ್ಲೋಕ್' ತೊಡಿಸಿದ್ದರೆ ಬೆಚ್ಚುವುದಿಲ್ಲ.

ರೇಜ್ ಪೌಡರ್‌ಗೆ ಇನ್ನೊಂದು ಮಿತಿ ಇದೆ. ಗ್ರಾಸ್ ಜಾತಿಯವು, 'ಸೇಫ್ಟಿ ಗಾಗಲ್ಸ್' ತೊಟ್ಟವು ಅದನ್ನು ಲೆಕ್ಕಿಸುವುದೇ ಇಲ್ಲ. ಇಬ್ಬರಿಗೂ ಒಟ್ಟಿಗೆ ಬೀಳುವ ಮೂವ್‌ಗಳೂ ತಿರುಗುವುದಿಲ್ಲ. ಇದನ್ನು ನಾನು ಕಲಿತದ್ದು ಒಂದು ಆನ್‌ಲೈನ್ ಪಂದ್ಯದಲ್ಲಿ. ನನ್ನ ಗಾರ್ಚಾಂಪ್ ಮೊದಲೇ ಒಂದು ಏಟು ತಿಂದಿತ್ತು. ಎದುರಿಗೆ ಫ್ಲಟರ್ ಮೇನ್. ರೇಜ್ ಪೌಡರ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಸ್ವೋರ್ಡ್ಸ್ ಡ್ಯಾನ್ಸ್ ಒತ್ತಿದೆ. ಅದು 'ಡ್ಯಾಜ್ಲಿಂಗ್ ಗ್ಲೀಮ್' ಹಾಕಿತು. ಅಮೂಂಗಸ್‌ಗೆ ಗೀರು ಬಿದ್ದಂತೆ ಅಷ್ಟೇ, ಗಾರ್ಚಾಂಪ್ ಕುಣಿಯುವ ಮೊದಲೇ ಬಿತ್ತು. ಅವತ್ತು ಒತ್ತಬೇಕಾಗಿದ್ದದ್ದು ಪ್ರೊಟೆಕ್ಟ್. ಗಾರ್ಚಾಂಪ್ ಬಚಾವಾಗುತ್ತಿತ್ತು, ಪಕ್ಕದಲ್ಲಿ ಅಮೂಂಗಸ್ 'ಸ್ಪೋರ್' ಹಾಕಿ ಫ್ಲಟರ್ ಮೇನ್ ಅನ್ನು ನಿದ್ದೆಗೆ ತಳ್ಳಬಹುದಿತ್ತು. ಪ್ರೊಟೆಕ್ಟ್ ಅನ್ನು ಎರಡನೇ ಟರ್ನ್‌ಗೂ ನಂಬಬೇಡಿ, ಬೆನ್ನಿಗೇ ಮತ್ತೆ ಒತ್ತಿದರೆ ಅದು ಫಲಿಸುವುದು ಮೂರರಲ್ಲಿ ಒಂದು ಸಲ ಮಾತ್ರ.

ನಿಧಾನವೂ ಒಂದು ಬಲ. ಇನ್ಸಿನೆರೋರ್‌ನ 'ಪಾರ್ಟಿಂಗ್ ಶಾಟ್' ಎದುರಿನವನ ಅಟ್ಯಾಕ್ ಮತ್ತು ಸ್ಪೆಷಲ್ ಅಟ್ಯಾಕ್ ಎರಡನ್ನೂ ಇಳಿಸಿ, ತಾನು ಹೊರಗೆ ಹೋಗಿ ಇನ್ನೊಬ್ಬನನ್ನು ಕರೆಯುತ್ತದೆ. ಎಲ್ಲರೂ ಹೊಡೆದಾದ ಮೇಲೆ ಅದು ಕೊನೆಗೆ ಹೊರಟರೆ, ಒಳಗೆ ಬರುವವನ ಮೈಗೆ ಒಂದು ಏಟೂ ಬೀಳುವುದಿಲ್ಲ. ಆದ್ದರಿಂದ ಅದಕ್ಕೆ ಸ್ಪೀಡ್ ಇವಿ ಹಾಕಲು ಹೋಗಬೇಡಿ.

ಹೊಡೆಯದ ಮೂವ್‌ಗಳನ್ನು ತಡೆಯುವ 'ಟಾಂಟ್'ಗೆ ಸಿದ್ಧರಾಗಿರಿ. ಅದು ಬಿದ್ದರೆ ಪ್ರೊಟೆಕ್ಟ್, ಸ್ಪೋರ್, ರೇಜ್ ಪೌಡರ್ ಎಲ್ಲಾ ಬಂದ್. ಅದಕ್ಕೇ ಅಮೂಂಗಸ್‌ಗೆ 'ಪೊಲೆನ್ ಪಫ್' ಕೊಡುವುದು. ಎದುರಾಳಿಗೆ ಹಾಕಿದರೆ ಏಟು, ಜೊತೆಗಾರನಿಗೆ ಹಾಕಿದರೆ ಅರ್ಧ ಎಚ್‌ಪಿ. ಹೊಡೆಯುವ ಮೂವ್ ಅಂತ ಲೆಕ್ಕವಾದ್ದರಿಂದ ಟಾಂಟ್ ಅದನ್ನು ತಡೆಯುವುದಿಲ್ಲ.

ಯಾವಾಗ ಉಳಿಸಬೇಕು, ಯಾವಾಗ ಬಿಟ್ಟುಕೊಡಬೇಕು

ಅಮೂಂಗಸ್‌ಗೆ 'ರೀಜನರೇಟರ್' ಗುಣವಿದ್ದರೆ ಹೊರಗೆ ಕರೆದಾಗ ಮೂರನೇ ಒಂದು ಭಾಗ ಎಚ್‌ಪಿ ಮರಳುತ್ತದೆ. ಪಂದ್ಯದ ಮಧ್ಯದಲ್ಲಿ ಇದು ದೊಡ್ಡ ಲಾಭ. ಆದರೆ ಕೊನೆಯಲ್ಲಿ ಅದನ್ನು ಉಳಿಸಲು ಪರದಾಡಿ, ಒಳಗೆ ಬರುವ ಗಾರ್ಚಾಂಪ್‌ಗೆ ಏಟು ತಿನ್ನಿಸುವುದು ತಪ್ಪು. ಸಪೋರ್ಟ್ ಬಿದ್ದರೆ ಅದರ ಜಾಗಕ್ಕೆ ಬರುವವನು ಟರ್ನ್ ಮುಗಿದ ಮೇಲೆ, ಆ ಟರ್ನ್‌ನ ಏಟು ತಿನ್ನದೆ ಬರುತ್ತಾನೆ. ಸ್ಪೋರ್ ಹಾಕಿ ಆಗಿದೆ, ಎದುರಿನವನು ನಿದ್ದೆಯಲ್ಲಿದ್ದಾನೆ ಅಂದರೆ ಅಮೂಂಗಸ್ ತನ್ನ ಕೆಲಸ ಮುಗಿಸಿದೆ. ಬೀಳಲಿ ಬಿಡಿ.

ಅಭ್ಯಾಸಕ್ಕೆ ಪೋಕೆಮಾನ್ ಶೋಡೌನ್ ಸಾಕು. ಬ್ರೌಸರ್‌ನಲ್ಲೇ ನಡೆಯುತ್ತದೆ, ಪುಕ್ಕಟೆ. ಹತ್ತು ಪಂದ್ಯ ಆಡಿ ರೀಪ್ಲೇ ತೆರೆಯಿರಿ. ನಿಮ್ಮ ಸಪೋರ್ಟ್ ಏಟು ತಿಂದ ಪ್ರತಿ ಟರ್ನ್‌ನಲ್ಲಿ ಪಕ್ಕದವನು ಏನು ಮಾಡಿದ ಅಂತ ಒಂದು ಸಾಲು ಬರೆಯಿರಿ. 'ಪ್ರೊಟೆಕ್ಟ್', 'ಪ್ರೊಟೆಕ್ಟ್', 'ಸ್ವಿಚ್' ಅಂತಲೇ ಬರುತ್ತಿದ್ದರೆ ಬದಲಾಯಿಸಬೇಕಾದದ್ದು ಅಮೂಂಗಸ್ ಅಲ್ಲ, ಪಕ್ಕದವನನ್ನು ಆಡಿಸುವ ರೀತಿ.