ಫೈಲ್ ಅಲ್ಲೇ ಇದೆ, ಆದರೂ ಇಲ್ಲ ಅನ್ನುತ್ತೆ

ಮದುವೆ ಸೀಸನ್ ನಡುವೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. 2025ರ ಮೇ ತಿಂಗಳು. ಕೈಯಲ್ಲಿ ನಾಲ್ಕು ಆಲ್ಬಂ ಬಾಕಿ ಇತ್ತು. ರಾತ್ರಿ ಹತ್ತೂವರೆಗೆ ಕಂಪ್ಯೂಟರ್ ಹೊಸ ಆವೃತ್ತಿ ಬಂದಿದೆ, ಹಾಕಲಾ ಅಂತ ಕೇಳಿತು. ಹೂಂ ಅಂತ ಒತ್ತಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ನಾನು ಫೋಟೋ ತಿದ್ದಲು ಬಳಸುವ ಸಾಫ್ಟ್‌ವೇರ್ ಗಿಂಪ್, ಅದರ 2.10 ಇದ್ದ ಜಾಗದಲ್ಲಿ 3.0 ಕೂತಿತ್ತು.

ಸಾಗರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಹಲವು ವರ್ಷದಿಂದ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು, ಅದರ ಮೇಲೆ ಗಿಂಪ್ ಬಳಸುತ್ತಿದ್ದೇನೆ. ಹಾಕಿಕೊಟ್ಟವನು ಅಕ್ಕನ ಮಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ದುಡ್ಡು ಕೊಡಬೇಕಿಲ್ಲ ಅನ್ನೋದು ಒಂದು ಕಾರಣ. ಕೈ ಒಗ್ಗಿದೆ ಅನ್ನೋದು ದೊಡ್ಡ ಕಾರಣ. ಆದರೆ ಬರೀ ಗಿಂಪ್‌ನಿಂದ ನನ್ನ ಕೆಲಸ ಸಾಗುವುದಿಲ್ಲ. ಮೂರು ಪ್ಲಗಿನ್ ಬೇಕು, ಅಂದರೆ ಗಿಂಪ್‌ಗೆ ಹೊಸ ಕೆಲಸ ಕಲಿಸುವ ಸಣ್ಣ ಪ್ರೋಗ್ರಾಂಗಳು. ಆರತಕ್ಷತೆಯ ರಾತ್ರಿ ಫೋಟೋಗಳಲ್ಲಿ ಬರುವ ಕಾಳು ಕಾಳು ತೆಗೆಯಲು ಜಿಮಿಕ್. ಮಂಟಪದ ಹಿಂದಿನ ಕರೆಂಟ್ ವೈರ್ ಅಳಿಸಲು ರೀಸಿಂತಸೈಜರ್. ಮೂರನೆಯದು ಆ ಹುಡುಗನೇ ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ ಬರೆದುಕೊಟ್ಟ ಸ್ಕ್ರಿಪ್ಟ್. ಪಾರ್ಟಿಗೆ ಕಳಿಸುವ ಪ್ರೂಫ್ ಫೋಟೋಗಳನ್ನೆಲ್ಲ ಚಿಕ್ಕದು ಮಾಡಿ, ಮೂಲೆಯಲ್ಲಿ ಸ್ಟುಡಿಯೋ ಹೆಸರು ಹಾಕುತ್ತದೆ. ಅದಕ್ಕೆ ನಾವು ಇಟ್ಟ ಹೆಸರು ಮುದ್ರೆ.

ಆ ಬೆಳಿಗ್ಗೆ ಮೂರೂ ಇರಲಿಲ್ಲ.

ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವುದೇ. ಗಿಂಪ್ ಅನ್ನು ಕಿತ್ತು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಮಾಡಿದೆ. ಅರ್ಧ ದಿನ ಹೋಯಿತು. ಇದರಿಂದ ಯಾಕೆ ಪ್ರಯೋಜನ ಇಲ್ಲ ಅಂತ ಆಮೇಲೆ ತಿಳಿಯಿತು. ನಮ್ಮ ಸೆಟ್ಟಿಂಗ್, ನಾವು ಹಾಕಿದ ಪ್ಲಗಿನ್, ಎಲ್ಲ ಇರುವುದು ನಮ್ಮ ಹೋಮ್ ಫೋಲ್ಡರಿನೊಳಗೆ ಅಡಗಿರುವ ಕಾನ್ಫಿಗ್ ಫೋಲ್ಡರಿನಲ್ಲಿ. ಗಿಂಪ್ ತೆಗೆದರೂ ಅದು ಹಾಗೇ ಉಳಿಯುತ್ತದೆ. ಅಂದರೆ ಮನೆ ಕೆಡವಿ ಕಟ್ಟಿದೆ, ಒಳಗಿನ ಸಾಮಾನು ಮಾತ್ರ ಇದ್ದಲ್ಲೇ ಇತ್ತು. ನಿಜವಾಗಿ ಹೊಸದಾಗಿ ಶುರು ಮಾಡಿ ನೋಡಬೇಕಿದ್ದರೆ ಆ ಫೋಲ್ಡರಿನ ಹೆಸರು ಬದಲಿಸಬೇಕು. ಆಗ ಗಿಂಪ್ ಬೇರೆಯದನ್ನು ತಾನೇ ಮಾಡಿಕೊಳ್ಳುತ್ತದೆ. ಅಳಿಸಬೇಡಿ, ಹೆಸರು ಬದಲಿಸಿದರೆ ಸಾಕು. ಬೇಕಾದಾಗ ಹಿಂದಕ್ಕೆ ತರಬಹುದು.

ಎರಡನೇ ಕೆಲಸ, 2.10ರ ಪ್ಲಗಿನ್ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಬಾಚಿ 3.0ರ ಪ್ಲಗಿನ್ ಫೋಲ್ಡರಿಗೆ ಸುರಿದೆ. ಗಿಂಪ್ ತೆರೆದೆ. ಎರರ್ ಬರಲಿಲ್ಲ, ಮೆನುವಿನಲ್ಲಿ ಪ್ಲಗಿನ್ನೂ ಬರಲಿಲ್ಲ. ಎರರ್ ಬಂದರೆ ಏನೋ ಹಿಡಿದುಕೊಂಡು ಹೋಗಬಹುದು. ಈ ಮೌನ ಇದೆಯಲ್ಲ, ಅದು ಕಷ್ಟ.

ಹುಡುಗನಿಗೆ ಫೋನ್ ಮಾಡಿದೆ.

"ಮಾಮ, ಐಕಾನ್ ಒತ್ತಿ ತೆಗೀಬೇಡ. ಟರ್ಮಿನಲ್ ತೆಗಿ. ಅದರಲ್ಲಿ ಗಿಂಪ್ ಅಂತ ಟೈಪ್ ಮಾಡಿ ಎಂಟರ್ ಹೊಡಿ. ಅದು ಏನು ಬೈತದೋ ಅಲ್ಲಿ ಕಾಣ್ತದೆ."

ಟರ್ಮಿನಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಅಲ್ಲಿ ಕಂಡಿತು. ಮುದ್ರೆ ಸ್ಕ್ರಿಪ್ಟಿನ ಹೆಸರು ಹಿಡಿದೇ ಹೇಳಿತ್ತು. ಇದು ಪ್ಲಗಿನ್ ಇರಬಹುದು, ಆದರೆ ಬಿಟ್ಟುಬಿಡುತ್ತಿದ್ದೇನೆ, ಪ್ಲಗಿನ್‌ಗಳು ಒಳ ಫೋಲ್ಡರಿನಲ್ಲೇ ಇರಬೇಕು ಅಂತ. 2.10ರಲ್ಲಿ ಪೈಥಾನ್ ಫೈಲನ್ನು ನೇರವಾಗಿ ಪ್ಲಗಿನ್ ಫೋಲ್ಡರಿಗೆ ಎಸೆದರೂ ನಡೆಯುತ್ತಿತ್ತು. 3.0ರಲ್ಲಿ ಪ್ರತಿ ಪ್ಲಗಿನ್ನಿಗೂ ತನ್ನದೇ ಒಂದು ಫೋಲ್ಡರ್ ಬೇಕು. ಇಷ್ಟು ಸ್ಪಷ್ಟವಾದ ಮಾತನ್ನು ಗಿಂಪ್ ಹೇಳುತ್ತಲೇ ಇತ್ತು. ಐಕಾನ್ ಒತ್ತಿ ತೆರೆಯುವ ನನಗೆ ಕೇಳುತ್ತಿರಲಿಲ್ಲ, ಅಷ್ಟೇ.

ಸರಿ, ಫೋಲ್ಡರ್ ಮಾಡಿದೆ. ನನ್ನ ಅಭ್ಯಾಸದಂತೆ ಕನ್ನಡ ಅಕ್ಷರದಲ್ಲಿ ಮುದ್ರೆ ಅಂತ ಹೆಸರಿಟ್ಟೆ. ಫೈಲ್ ಒಳಗೆ ಹಾಕಿದೆ. ಮತ್ತೆ ತೆರೆದೆ. ಈಗ ಟರ್ಮಿನಲ್ ಕೂಡ ಏನೂ ಹೇಳಲಿಲ್ಲ. ಮೆನು ಖಾಲಿಯೇ.

ಪಕ್ಕದೂರಿನ ಸ್ಟುಡಿಯೋದ ಗೆಳೆಯರೊಬ್ಬರು ಆಗ ಅಂಗಡಿಗೆ ಬಂದಿದ್ದರು. ನೋಡಿದ್ದೇ ತಡ, "ಕನ್ನಡದಲ್ಲಿ ಹೆಸರು ಇಟ್ಟಿದ್ದೀರಲ್ಲ ಮಾರಾಯ್ರೆ, ಅದಕ್ಕೇ. ಕಂಪ್ಯೂಟರಿಗೆ ಕನ್ನಡ ಆಗಲ್ಲ" ಅಂದರು. ನನಗೆ ಸಿಟ್ಟು ಬಂತು. ನನ್ನ ಫೋಟೋ ಫೋಲ್ಡರುಗಳೆಲ್ಲ ಕನ್ನಡದಲ್ಲೇ ಇವೆ. ಧಾರೆ, ಆರತಕ್ಷತೆ, ಗೃಹಪ್ರವೇಶ. ಒಂದಾದರೂ ತೆರೆಯದೆ ಇದ್ದದ್ದಿಲ್ಲ. ಆದರೂ ಅವರ ಎದುರಿಗೇ ಪ್ಲಗಿನ್ ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದೆ. ಟರ್ಮಿನಲ್ ತಕ್ಷಣ ಮಾತಾಡಲು ಶುರು ಮಾಡಿತು! ಗೆಳೆಯರು ಗೆದ್ದ ಮುಖ ಮಾಡಿಕೊಂಡು ಚಹಾ ಕುಡಿದು ಹೋದರು.

ಅವರು ಹೇಳಿದ್ದು ತಪ್ಪು. ಹೆಸರು ಬದಲಿಸಿದ ಮೇಲೆ ಕೆಲಸ ಮುಂದೆ ಹೋಯಿತು ಅನ್ನೋದು ಮಾತ್ರ ನಿಜ. ಗಿಂಪ್ 3ರ ನಿಯಮ ಏನೆಂದರೆ, ಫೋಲ್ಡರಿನ ಹೆಸರೂ ಅದರೊಳಗಿನ ಮುಖ್ಯ ಫೈಲಿನ ಹೆಸರೂ ಒಂದೇ ಇರಬೇಕು, ಅಕ್ಷರ ಅಕ್ಷರ. ಫೈಲಿನ ಕೊನೆಯ .py ಒಂದು ಬಿಟ್ಟು. ನನ್ನ ಫೋಲ್ಡರ್ ಕನ್ನಡದಲ್ಲಿತ್ತು, ಫೈಲ್ ಇಂಗ್ಲಿಷಿನಲ್ಲಿತ್ತು. ಹೊಂದಲಿಲ್ಲ, ಬಿಟ್ಟುಬಿಟ್ಟಿತು. ಭಾಷೆಯದು ತಕರಾರಲ್ಲ. ಇದನ್ನು ಇಷ್ಟುದ್ದ ಬರೆಯಲು ಕಾರಣ ಇದೆ. ಏನು ಕೆಟ್ಟರೂ ಕನ್ನಡದ ಮೇಲೆ ಹಾಕುವವರು ನಮ್ಮಲ್ಲಿ ಜಾಸ್ತಿ ಇದ್ದಾರೆ.

ಇನ್ನೊಂದು ಮೌನವೂ ಇದೆ. ಲಿನಕ್ಸಿನಲ್ಲಿ ಒಂದು ಫೈಲನ್ನು ಪ್ರೋಗ್ರಾಂ ಆಗಿ ಓಡಿಸಬಹುದು ಅಂತ ಗುರುತು ಹಾಕಬೇಕು. ಫೈಲಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಆ ಆಯ್ಕೆ ಸಿಗುತ್ತದೆ. ಗುರುತು ಇಲ್ಲದಿದ್ದರೆ ಗಿಂಪ್ ಅದನ್ನು ಪ್ಲಗಿನ್ ಅಂತ ಲೆಕ್ಕಕ್ಕೇ ಇಡುವುದಿಲ್ಲ. ವಾಟ್ಸ್ಯಾಪಿನಲ್ಲಿ ಬಂದ ಫೈಲಿಗೆ ಈ ಗುರುತು ಇರುವುದಿಲ್ಲ. ಪ್ರತಿ ಸಲವೂ ನಾವೇ ಹಾಕಬೇಕು.

ಟರ್ಮಿನಲ್ ಏನು ಮಾತಾಡಿತು ಅಂದೆನಲ್ಲ, ಅದು ಪೈಥಾನ್ ಇಲ್ಲ ಅಂತ. ಅಷ್ಟು ದಿನ ಇದ್ದ ಪೈಥಾನ್ ಎಲ್ಲಿ ಹೋಯಿತು? ಹುಡುಗ ಬಿಡಿಸಿ ಹೇಳಿದ. ಹಳೇ ಗಿಂಪ್ ಬಳಸುತ್ತಿದ್ದದ್ದು ಪೈಥಾನ್ 2. ಅದನ್ನು ಮಾಡಿದವರೇ 2020ರ ಜನವರಿ 1ಕ್ಕೆ ಅದರ ಕೆಲಸ ನಿಲ್ಲಿಸಿದ್ದಾರೆ. ಗಿಂಪ್ 3 ಬಂದಿದ್ದು 2025ರ ಮಾರ್ಚ್‌ನಲ್ಲಿ, ಅದಕ್ಕೆ ಬೇಕಿರುವುದು ಪೈಥಾನ್ 3. ಯಾವ ಪೈಥಾನ್ ಬೇಕು ಅಂತ ಸ್ಕ್ರಿಪ್ಟಿನ ಮೊದಲ ಸಾಲು ಹೇಳುತ್ತದೆ. ಬರೀ ಆ ಸಾಲಿನಲ್ಲಿ 2 ಇದ್ದಲ್ಲಿ 3 ಬರೆದರೆ ಮುಗಿಯಿತಾ? ಬರೆದು ನೋಡಿದೆ. ಗಿಂಪ್‌ಫು ಅನ್ನೋ ಮಾಡ್ಯೂಲ್ ಸಿಗುತ್ತಿಲ್ಲ ಅಂತ ಬಂತು. ಹಳೇ ಸ್ಕ್ರಿಪ್ಟುಗಳು ಗಿಂಪ್ ಜೊತೆ ಮಾತಾಡುತ್ತಿದ್ದದ್ದು ಅದರ ಮೂಲಕ. ಹೊಸದರಲ್ಲಿ ಅದನ್ನೇ ತೆಗೆದಿದ್ದಾರೆ. ಈ ಒಂದು ಎರರ್ ಬಂದರೆ ನಮ್ಮಂಥವರು ಒದ್ದಾಡಿ ಫಲವಿಲ್ಲ. ಸ್ಕ್ರಿಪ್ಟನ್ನೇ ಹೊಸದಾಗಿ ಬರೆಯಬೇಕು, ಇಲ್ಲವೇ ಯಾರಾದರೂ ಬರೆದದ್ದು ಇದೆಯಾ ನೋಡಬೇಕು.

ಹುಡುಗ ಎರಡು ದಿನ ತಗೊಂಡು ಬರೆದ. ಅವನ ಲ್ಯಾಪ್‌ಟಾಪ್ ಕೆಟ್ಟಿತ್ತು. ರೂಮ್‌ಮೇಟಿನ ವಿಂಡೋಸ್ ಕಂಪ್ಯೂಟರಿನಲ್ಲಿ ಬರೆದು ಕಳಿಸಿದ. ನಾನು ಸರಿಯಾದ ಹೆಸರಿನ ಫೋಲ್ಡರಿಗೆ ಹಾಕಿದೆ, ಗುರುತು ಹಾಕಿದೆ, ಗಿಂಪ್ ತೆರೆದೆ. ಇಲ್ಲ.

"ಗಿಂಪ್ ಬಿಡು ಮಾಮ. ಆ ಫೈಲನ್ನೇ ಎಳೆದು ಟರ್ಮಿನಲ್ ಒಳಗೆ ಬಿಡು, ಎಂಟರ್ ಹೊಡಿ. ಅದು ಓಡ್ತದಾ ನೋಡುವ."

ಬಂದ ಉತ್ತರ, ಇಂಥ ಫೈಲ್ ಅಥವಾ ಫೋಲ್ಡರ್ ಇಲ್ಲ. ನನಗೆ ತಲೆ ಕೆಟ್ಟುಹೋಯಿತು. ಫೈಲ್ ಕಣ್ಣೆದುರಿಗೇ ಇದೆ. ಅದನ್ನೇ ಹಿಡಿದು ಎಳೆದು ತಂದಿದ್ದೇನೆ. ಅದನ್ನೇ ಇಲ್ಲ ಅನ್ನುತ್ತಿದೆ!

"ಪೂರ್ತಿ ಓದು. ಯಾವ ಫೈಲ್ ಇಲ್ಲ ಅಂತಿದೆ?"

ಓದಿದೆ. ಇಲ್ಲ ಅಂದದ್ದು ಮುದ್ರೆಯನ್ನಲ್ಲ. ಪೈಥಾನ್ 3 ಅನ್ನೋದನ್ನು. ಅದೂ ಬರೀ ಪೈಥಾನ್ 3 ಅಲ್ಲ. ಅದರ ಬಾಲಕ್ಕೆ ಒಂದು ಓರೆ ಗೆರೆ, ಅದರ ಮುಂದೆ ಇಂಗ್ಲಿಷಿನ ಸಣ್ಣ ಆರ್ ಅಕ್ಷರ. ಅದನ್ನು ಹೇಳುತ್ತಿದ್ದಂತೆ ಆ ಕಡೆಯಿಂದ "ಅಯ್ಯೋ, ನಂದೇ ತಪ್ಪು" ಅಂದ.

ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾನು ಜೂನಿಯರ್ ಪರೀಕ್ಷೆವರೆಗೆ ಹೋಗಿದ್ದೆ. ಟೈಪ್‌ರೈಟರಿನಲ್ಲಿ ಸಾಲು ಮುಗಿದ ಮೇಲೆ ಎರಡು ಕೆಲಸ ಆಗಬೇಕು. ಗಾಡಿಯನ್ನು ಮೊದಲ ಜಾಗಕ್ಕೆ ತಳ್ಳುವುದು ಒಂದು, ಕಾಗದವನ್ನು ಒಂದು ಸಾಲು ಮೇಲೇರಿಸುವುದು ಇನ್ನೊಂದು. ವಿಂಡೋಸ್ ಇವತ್ತಿಗೂ ಪ್ರತಿ ಸಾಲಿನ ಕೊನೆಗೆ ಈ ಎರಡಕ್ಕೂ ಒಂದೊಂದು ಕಾಣದ ಗುರುತು ಇಡುತ್ತದೆ. ಲಿನಕ್ಸ್ ಇಡುವುದು ಒಂದೇ, ಸಾಲು ಏರಿಸುವುದು. ವಿಂಡೋಸಿನಲ್ಲಿ ಬರೆದ ಫೈಲಿನಲ್ಲಿ ಗಾಡಿ ತಳ್ಳುವ ಗುರುತು ಹೆಚ್ಚಿಗೆ ಉಳಿಯುತ್ತದೆ. ಅದನ್ನು ಲಿನಕ್ಸ್ ಹೆಸರಿನದೇ ಭಾಗ ಅಂದುಕೊಳ್ಳುತ್ತದೆ. ಬಾಲ ಇರುವ ಪೈಥಾನನ್ನು ಹುಡುಕಿದರೆ ಎಲ್ಲಿ ಸಿಗುತ್ತೆ?

ಸರಿಪಡಿಸಲು ಒಂದು ನಿಮಿಷವೂ ಬೇಡ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಸೇವ್ ಆಸ್ ಕೊಟ್ಟು, ಸಾಲಿನ ಕೊನೆ ಹೇಗಿರಬೇಕು ಅನ್ನೋ ಜಾಗದಲ್ಲಿ ವಿಂಡೋಸ್ ಬದಲು ಯುನಿಕ್ಸ್ ಆರಿಸಬೇಕು. ಮಾಡಿದೆ. ಗಿಂಪ್ ತೆರೆದೆ. ಮೆನುವಿನಲ್ಲಿ ಮುದ್ರೆ ಬಂದು ಕೂತಿತ್ತು. ಆ ರಾತ್ರಿಯೇ ಆರುನೂರು ಚಿಲ್ಲರೆ ಪ್ರೂಫ್ ಹೋದವು.

ಜಿಮಿಕ್ ಕಥೆ ಬೇರೆ. ಅದು ಪೈಥಾನ್ ಅಲ್ಲ, ಮೊದಲೇ ಯಂತ್ರದ ಭಾಷೆಗೆ ಕಟ್ಟಿ ಕೊಟ್ಟ ಪ್ರೋಗ್ರಾಂ. 2.10ಕ್ಕೆ ಕಟ್ಟಿದ್ದು 3.0ಕ್ಕೆ ಆಗುವುದಿಲ್ಲ. ಗಿಂಪ್ 3ಕ್ಕೆಂದೇ ಬೇರೆ ಫೈಲ್ ಕೊಟ್ಟಿದ್ದಾರೆ, ಅದನ್ನು ತಂದು ಹಾಕಿದರೆ ಆಯಿತು. ಹಾಕಿದೆ, ಬಂತು, ಖುಷಿಯಾದೆ. ಆಲ್ಬಂ ಶೀಟ್ ತೆರೆದು ನಾಯ್ಸ್, ಅಂದರೆ ಆ ಕಾಳು ಕಾಳು, ತೆಗೆಯುವ ಫಿಲ್ಟರ್ ಕೊಟ್ಟೆ. ಸ್ವಲ್ಪ ಹೊತ್ತು ಎಲ್ಲ ಸ್ತಬ್ಧ. ಆಮೇಲೆ ಒಂದು ಸಂದೇಶ ಬಂತು. ಗಿಂಪ್ ಬಳಸುವವರು ಒಮ್ಮೆಯಾದರೂ ನೋಡಿರುತ್ತೀರಿ. ಪ್ಲಗಿನ್ ಕುಸಿದಿದೆ, ಸಾಯುತ್ತಿರುವ ಪ್ಲಗಿನ್ ಗಿಂಪ್‌ನ ಒಳಗಿನ ಸ್ಥಿತಿಯನ್ನು ಹದಗೆಡಿಸಿರಬಹುದು, ಚಿತ್ರಗಳನ್ನು ಉಳಿಸಿಕೊಂಡು ಮತ್ತೆ ಶುರು ಮಾಡುವುದು ಒಳ್ಳೆಯದು ಅನ್ನೋ ಅರ್ಥದ್ದು. ಸಾಯುತ್ತಿರುವ ಪ್ಲಗಿನ್! ಯಾರು ಬರೆದರೋ, ಸಾವಿನ ಮನೆಗೆ ಹೋದ ಹಾಗಾಗುತ್ತದೆ.

ಆದರೆ ಈ ಸಂದೇಶದಲ್ಲಿ ಒಂದು ಒಳ್ಳೇ ಸುದ್ದಿ ಅಡಗಿದೆ. ಗಿಂಪ್‌ನಲ್ಲಿ ಪ್ಲಗಿನ್ ಓಡುವುದು ಬೇರೆ ಪ್ರೋಗ್ರಾಂ ಆಗಿ. ಅದು ಸತ್ತರೂ ಸಾಮಾನ್ಯವಾಗಿ ಗಿಂಪ್ ಬದುಕಿರುತ್ತದೆ. ಹೆದರಿ ಕರೆಂಟ್ ಆಫ್ ಮಾಡಬೇಡಿ. ಕೆಲಸವನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಹಳೇ ಫೈಲಿನ ಮೇಲೆ ಬೇಡ. ಮುಚ್ಚಿ ಮತ್ತೆ ತೆರೆಯಿರಿ.

ಹೊಸ ಜಿಮಿಕ್ ಸರಿ ಇಲ್ಲ ಅಂತ ಮೂರು ದಿನ ನಂಬಿದ್ದೆ. ಕೊನೆಗೆ ಒಂದು ಫೋಟೋದಲ್ಲಿ ಮದುಮಗಳ ಮುಖದಷ್ಟೇ ಕತ್ತರಿಸಿ, ಅದಕ್ಕೆ ಅದೇ ಫಿಲ್ಟರ್ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಆಯಿತು. ಪ್ಲಗಿನ್ ಸರಿಯಾಗಿಯೇ ಇತ್ತು. ಸಾಲದೆ ಹೋದದ್ದು ಮೆಮೊರಿ.

ಲೆಕ್ಕ ಹಾಕಿದೆ. ನನ್ನ ಶೀಟ್ 12 ಇಂಚು, 36 ಇಂಚು. ಇಂಚಿಗೆ 300 ಪಿಕ್ಸೆಲ್. ಅಂದರೆ 3600 ಗುಣಿಸು 10800, ಸುಮಾರು 3.89 ಕೋಟಿ ಪಿಕ್ಸೆಲ್. ಜಿಮಿಕ್ ಒಳಗೆ ಪ್ರತಿ ಬಣ್ಣಕ್ಕೂ 4 ಬೈಟ್ ಇಟ್ಟುಕೊಳ್ಳುತ್ತದೆ. ಕೆಂಪು, ಹಸಿರು, ನೀಲಿ, ಜೊತೆಗೆ ಪಾರದರ್ಶಕತೆ, ಹೀಗೆ 16 ಬೈಟ್. ಒಂದು ಪ್ರತಿಗೇ 620 ಎಂಬಿ ದಾಟುತ್ತದೆ. ಕೆಲಸ ಮಾಡುವಾಗ ಇಂಥ ಹಲವು ಪ್ರತಿ ಬೇಕು. ನನ್ನ ಕಂಪ್ಯೂಟರಿನಲ್ಲಿ ಇರುವುದು 8 ಜಿಬಿ.

ಇದಕ್ಕೆ ನನ್ನ ಎರಡು ಜಾಣತನವೂ ಸೇರಿದ್ದವು. ಗಿಂಪ್ ವೇಗವಾಗಲಿ ಅಂತ ಪ್ರಿಫರೆನ್ಸಸ್‌ನಲ್ಲಿ ಟೈಲ್ ಕ್ಯಾಶ್ ಅನ್ನು 6 ಜಿಬಿಗೆ ಏರಿಸಿದ್ದೆ. ಟೈಲ್ ಕ್ಯಾಶ್ ಗಿಂಪ್ ತನಗೆ ಅಂತ ಹಿಡಿದಿಟ್ಟುಕೊಳ್ಳುವ ಮೆಮೊರಿ. ಪ್ಲಗಿನ್ ಬೇರೆ ಪ್ರೋಗ್ರಾಂ ಅಂದೆನಲ್ಲ, ಅದಕ್ಕೆ ಈ ಪಾಲಿನಿಂದ ಸಿಗುವುದಿಲ್ಲ. ಮನೆ ಯಜಮಾನ ಬಟ್ಟಲು ತುಂಬಾ ಬಡಿಸಿಕೊಂಡ, ನೆಂಟನಿಗೆ ಪಾತ್ರೆ ಖಾಲಿ. ಇನ್ನೊಂದು, ಜಿಮಿಕ್ ಕಿಟಕಿಯಲ್ಲಿ ಯಾವ ಲೇಯರ್ ಮೇಲೆ ಕೆಲಸ ಅನ್ನೋ ಕಡೆ ಆಲ್ ಅಂತ ಬಿಟ್ಟಿದ್ದೆ. ಲೇಯರ್ ಅಂದರೆ ಒಂದರ ಮೇಲೊಂದು ಕೂರಿಸಿದ ಪದರ. ಶೀಟಿನಲ್ಲಿ ಅಂಥ ಒಂಬತ್ತು ಲೇಯರ್ ಇತ್ತು, ಆಲ್ ಅಂದರೆ ಅಷ್ಟರ ಮೇಲೂ ಕೆಲಸ!

ಟೈಲ್ ಕ್ಯಾಶ್ 3 ಜಿಬಿಗೆ ಇಳಿಸಿದೆ. ಲೇಯರ್ ಆಯ್ಕೆಯನ್ನು ಆ್ಯಕ್ಟಿವ್, ಅಂದರೆ ಆರಿಸಿದ್ದು ಮಾತ್ರ, ಮಾಡಿದೆ. ನಾಯ್ಸ್ ತೆಗೆಯುವುದನ್ನು ಶೀಟಿಗೆ ಹಾಕುವ ಮೊದಲೇ, ಒಂದೊಂದೇ ಫೋಟೋದಲ್ಲಿ ಮುಗಿಸುತ್ತೇನೆ. ಹಾಗೆ ಮಾಡುವುದೇ ಸರಿ ಅಂತ ಲ್ಯಾಬಿನವರು ಎಷ್ಟೋ ಸಲ ಹೇಳಿದ್ದರು, ಅಲ್ವಾ. ಸತ್ತ ಪ್ಲಗಿನ್ ಆಮೇಲೆ ನೋಡಿಲ್ಲ.

ಒಂದು ಸಣ್ಣದು ಸೇರಿಸುತ್ತೇನೆ, ಯಾಕೆಂದರೆ ಇದನ್ನೇ ಬಹಳ ಜನ ಕೇಳುತ್ತಾರೆ. ಪ್ಲಗಿನ್ ಮೆನುವಿನಲ್ಲಿ ಇದೆ, ಆದರೆ ಬೂದು ಬಣ್ಣ, ಒತ್ತಲು ಆಗುವುದಿಲ್ಲ. ಅದು ಹಲವು ಸಲ ಪ್ಲಗಿನ್ ತಪ್ಪಲ್ಲ. ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ನೋಡಿ. ಇಂಡೆಕ್ಸ್ಡ್ (ಎಣಿಸಿದಷ್ಟೇ ಬಣ್ಣ ಇರುವ ಬಗೆ) ಅಂತ ಇದ್ದರೆ ಆರ್‌ಜಿಬಿ ಮಾಡಿ.

ರೀಸಿಂತಸೈಜರ್ ಇನ್ನೂ ಬಾಕಿ ಇದೆ. ಕೂತು ಹಾಕಬೇಕು, ಸೀಸನ್ ಮುಗಿಯಲಿ ಅಂತ ಬಿಟ್ಟಿದ್ದೇನೆ. ಅಲ್ಲಿಯವರೆಗೆ ಮಂಟಪದ ಹಿಂದಿನ ವೈರ್ ಕ್ಲೋನ್ ಟೂಲ್ ಹಿಡಿದು ಕೈಯಲ್ಲೇ ಅಳಿಸುತ್ತಿದ್ದೇನೆ, ಒಂದು ಫೋಟೋಗೆ ಇಪ್ಪತ್ತು ನಿಮಿಷ. ಮೊನ್ನೆ ಒಂದು ಆಲ್ಬಂ ಕೊಡುವಾಗ ಮದುಮಗನ ಅಪ್ಪ ಆ ಪುಟವನ್ನೇ ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲಿ ನಮ್ಮ ಮನೆ ಮೀಟರಿನ ವೈರ್ ಇತ್ತಲ್ಲ, ಎಲ್ಲಿ ಹೋಯ್ತು?" ಅಂತ ಕೇಳಿದರು.