ಹಳೆ ಪೋರ್ಷೆ 944 ಕೊಂಡ ನನ್ನ ಅನುಭವ: ಮೊದಲು ಫೈಲು, ಆಮೇಲೆ ಕಾರು

ಸ್ಟುಟ್‌ಗಾರ್ಟ್ ಸುತ್ತಮುತ್ತ ಕೆಲಸಕ್ಕಿರುವ ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಹಳೆ ಪೋರ್ಷೆಗಳ ಮಾತು ಬಂದೇ ಬರುತ್ತದೆ. ‘ಆಗಲೇ ಒಂದು ತಗೊಂಡಿದ್ದಿದ್ರೆ...’ ಅನ್ನುವ ಆ ಧಾಟಿ, ಜಯನಗರದಲ್ಲಿ ಸೈಟು ಕೈಬಿಟ್ಟ ನಮ್ಮ ಹಿರಿಯರ ಧಾಟಿಯೇ. ನನ್ನ ಹತ್ತಿರ 1986ರ 944 ಒಂದಿದೆ, 2013ರಲ್ಲಿ ಕೊಂಡದ್ದು. ಹೇಗೆ ಆರಿಸಿದೆ, ಏನೇನು ನೋಡಿದೆ, ಬೆಲೆ ಏರಿದ್ದರಿಂದ ನಿಜಕ್ಕೂ ಕೈಗೆ ಬಂದದ್ದೇನು ಅಂತ ಕೇಳುವವರು ಬಹಳ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಮೊದಲು ಪೋರ್ಷೆಯ ಅತಿ ಹೆಸರಾದ ಮಾದರಿ 911ರ ವಿಷಯ ಮುಗಿಸೋಣ. ಮಿಕ್ಕ ಪೋರ್ಷೆಗಳ ಬೆಲೆಯೆಲ್ಲ ಅದರ ಬೆನ್ನು ಹಿಡಿದೇ ಮೇಲೇರಿದ್ದು. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂದು ಕಾಣಿಸಿಕೊಂಡದ್ದು, ನಡುವೆ ಸೊನ್ನೆ ಇರುವ ಸಂಖ್ಯೆ ನಮ್ಮದು ಎಂದು ಪ್ಯೂಜೋ ತಕರಾರು ತೆಗೆದ ಮೇಲೆ 911 ಆಯಿತು. ಅಲ್ಲಿಂದ 1998ರವರೆಗೆ ಅದರ ಇಂಜಿನ್ನಿಗೆ ಗಾಳಿಯಿಂದಲೇ ತಂಪು, ರೇಡಿಯೇಟರ್ ಇಲ್ಲ. 911ರ ಆ ಕಾಲದ ಪೀಳಿಗೆಯಾದ 993 ನಿಂತಿದ್ದೇ ತಡ, ಗಾಳಿಯಿಂದ ತಂಪಾಗುವ 911ಗಳ ಲೆಕ್ಕ ಮುಚ್ಚಿಹೋಯಿತು. ಇನ್ನು ಆ ಸಂಖ್ಯೆ ಇಳಿಯಬಹುದು ಅಷ್ಟೆ. ಅದರ ಮೇಲೆ 2008ರ ಕುಸಿತದ ನಂತರ ಯುರೋಪಿನಲ್ಲಿ ಬಡ್ಡಿ ಇಳಿಯುತ್ತಲೇ ಹೋಗಿ, 2014ರಲ್ಲಿ ಇಲ್ಲಿನ ಕೇಂದ್ರ ಬ್ಯಾಂಕು ತನ್ನ ಠೇವಣಿ ದರವನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿತು. ಬ್ಯಾಂಕಿನಲ್ಲಿಟ್ಟರೆ ಕರಗುವ ದುಡ್ಡು ಗ್ಯಾರೇಜುಗಳ ಕಡೆ ಹರಿಯಿತು. 2000ದ ದಶಕದ ನಡುವಿನಲ್ಲಿ 20–25 ಸಾವಿರ ಯೂರೋಗೆ ಸಿಗುತ್ತಿದ್ದ 911 ಕರೇರಾ 3.2, ಹತ್ತು ವರ್ಷದಲ್ಲಿ ಅದರ ದುಪ್ಪಟ್ಟು ದಾಟಿತು. ಬರೀ 1,580 ತಯಾರಾದ ಕರೇರಾ ಆರ್‌ಎಸ್ 2.7ರ ಹಗುರ ಮೈಯ ಆವೃತ್ತಿ 2014ರ ಹೊತ್ತಿಗೆ ಅಮೆರಿಕದ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ಮೀರಿತು. 2022ರಲ್ಲಿ ಇದೇ ಊರಿನ ಮರ್ಸಿಡಿಸ್ ಮ್ಯೂಸಿಯಮ್ಮಿನಲ್ಲಿ, ಜಗತ್ತಿನಲ್ಲಿ ಎರಡೇ ಇರುವ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆಗಳ ಪೈಕಿ ಒಂದು 13.5 ಕೋಟಿ ಯೂರೋಗೆ ಹೋಯಿತು. ಅದೆಲ್ಲ ನಮ್ಮಂಥ ಸಂಬಳದವರ ಆಟವಲ್ಲ, ಬಿಡಿ. ನಮಗೆ ಬೇಕಾದ ಸಂಗತಿ ಏನೆಂದರೆ, 911 ಎಟುಕದೆ ಹೋದವರು ಪಕ್ಕಕ್ಕೆ ತಿರುಗಿ ನೋಡಿದರು. ಅಲ್ಲಿ 944 ಇತ್ತು.

944 ಅಂದರೆ ಜರ್ಮನ್ನರಿಗೆ ಹಿಂದೆ ತಾತ್ಸಾರ. 911ಕ್ಕೆ ಎಲ್ಲ ಉಲ್ಟಾ: ಇಂಜಿನ್ ಮುಂದೆ, ನಾಲ್ಕೇ ಸಿಲಿಂಡರ್, ನೀರಿನಿಂದ ತಂಪು. ಸಾಲದ್ದಕ್ಕೆ ತಯಾರಾದದ್ದು ಝುಫೆನ್‌ಹೌಸನ್ನಿನ ಪೋರ್ಷೆಯ ಸ್ವಂತ ಕಾರ್ಖಾನೆಯಲ್ಲಿ ಅಲ್ಲ, ಹೆಚ್ಚುಕಡಿಮೆ ಎಲ್ಲವೂ ನೆಕಾರ್‌ಸುಲ್ಮ್‌ನ ಔಡಿ ಕಾರ್ಖಾನೆಯಲ್ಲಿ. ‘ಗೃಹಿಣಿಯರ ಪೋರ್ಷೆ’ ಅಂತ ಗೇಲಿ ಮಾಡುತ್ತಿದ್ದರು. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಮೀರಿ ತಯಾರಾದ್ದರಿಂದ ಅಪರೂಪ ಅನ್ನುವ ಹಾಗೂ ಇಲ್ಲ. ಓಡಿಸಿ ನೋಡಿದರೆ ಮಾತೇ ಬೇರೆ: ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಕಡೆ ಇರುವುದರಿಂದ ಮುಂದೆ ಹಿಂದೆ ತೂಕ ಹೆಚ್ಚುಕಡಿಮೆ ಸಮ, ಬ್ಲಾಕ್ ಫಾರೆಸ್ಟಿನ ತಿರುವುಗಳಲ್ಲಿ ಗಾಡಿ ಎಲ್ಲಿ ತಿರುಗಿಸಿದರೆ ಅಲ್ಲಿಗೇ ಹೋಗುತ್ತದೆ.

ಇಷ್ಟು ತಯಾರಾದ ಕಾರಿನಲ್ಲಿ ಒಳ್ಳೆಯದು ಸಿಗುವುದು ಇಷ್ಟು ಕಷ್ಟ ಯಾಕೆ? ಉತ್ತರ ಕ್ಲಚ್ಚಿನಲ್ಲಿದೆ. ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಟಾರ್ಕ್ ಟ್ಯೂಬ್ ಎಂಬ ಉದ್ದನೆಯ ಕೊಳವೆ ಜೋಡಿಸುತ್ತದೆ. ಕ್ಲಚ್ ಬದಲಿಸಬೇಕಾದರೆ ಸೈಲೆನ್ಸರ್ ಬಿಚ್ಚಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಆ ಟ್ಯೂಬನ್ನು ಹಿಂದಕ್ಕೆ ಸರಿಸಬೇಕು. ಕೂಲಿಯೇ ಜಾಸ್ತಿ. ಇನ್ನು ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಸಿಲಿಂಡರ್ ಹೆಡ್ ಕೈಗೆ ಬರುತ್ತದೆ. ಕಾರಿನ ಬೆಲೆ ಮೂರು–ನಾಲ್ಕು ಸಾವಿರ ಯೂರೋ ಇದ್ದ ಕಾಲದಲ್ಲಿ ಅದರ ಅರ್ಧದಷ್ಟನ್ನು ಕ್ಲಚ್ಚಿಗೆ ಸುರಿಯುವವರು ಯಾರು? ಓಡುವಷ್ಟು ದಿನ ಓಡಿಸಿದರು, ನಿಂತ ದಿನ ಬಿಡಿಭಾಗಕ್ಕೆ ಮಾರಿದರು. ಹಾಗಾಗಿ ಉಳಿದದ್ದರಲ್ಲಿ ಎರಡು ಜಾತಿ: ಮೇಲೆ ಮಿರಮಿರ ಮಿಂಚುತ್ತ ಒಳಗೆ ಟೊಳ್ಳಾದವು ಬೇಕಾದಷ್ಟು, ವೇಳೆಗೆ ಸರಿಯಾಗಿ ಖರ್ಚು ಮಾಡಿಸಿಕೊಂಡು ಬಂದವು ಬೆರಳೆಣಿಕೆಯಷ್ಟು. ಬೆಲೆ ಏರಿದ್ದು ಎರಡನೆಯದಕ್ಕೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ, ಬೇರ್ಪಡಿಸಲು ಕಾಗದಪತ್ರ ಬಿಟ್ಟರೆ ಬೇರೆ ದಾರಿಯಿಲ್ಲ. ನಾನು ಕಾರು ನೋಡಲು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು ಫೈಲು. ‘ಬಾನೆಟ್ ತೆಗೀಲಾ?’ ಅಂದವರಿಗೆ ‘ಆಮೇಲೆ’ ಅನ್ನುತ್ತಿದ್ದೆ.

ಫೈಲಿನಲ್ಲಿ ಏನು ಹುಡುಕಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಒಬ್ಬ ಡೀಲರ್ ಬಳಿ ಕಪ್ಪು ಬಣ್ಣದ 944 ಒಂದಿತ್ತು, ಮೀಟರ್ ಸುಮಾರು 1,18,000 ಕಿಲೋಮೀಟರ್ ತೋರಿಸುತ್ತಿತ್ತು. ಇಲ್ಲಿ ಎರಡು ವರ್ಷಕ್ಕೊಮ್ಮೆ ಟ್ಯೂಫ್ ತಪಾಸಣೆ ಕಡ್ಡಾಯ, ಅದರ ವರದಿಯಲ್ಲಿ ಅಂದಿನ ಕಿಲೋಮೀಟರ್ ಬರೆದಿರುತ್ತಾರೆ. ಹಳೆಯ ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. 2007ರ ವರದಿಯಲ್ಲಿ ಇದ್ದ ಅಂಕಿಯೇ 2009ರದ್ದರಲ್ಲೂ ಇತ್ತು, ಒಂದು ಕಿಲೋಮೀಟರ್ ಕೂಡ ಆಚೀಚೆ ಇಲ್ಲ. ಆದರೆ ಎರಡರ ನಡುವೆ ನಾಲ್ಕೂ ಟೈರು ಬದಲಿಸಿದ ರಸೀದಿ! ನಿಂತ ಗಾಡಿಗೆ ಟೈರು ಸವೆಯುತ್ತದೆಯೇ? ಈ ಕಾರುಗಳ ಮೀಟರಿನೊಳಗೆ ಪುಟ್ಟ ಪ್ಲಾಸ್ಟಿಕ್ ಗೇರ್ ಒಂದಿದೆ, ವಯಸ್ಸಾದರೆ ಸೀಳುತ್ತದೆ. ಆಗ ವೇಗದ ಮುಳ್ಳು ಆಡುತ್ತಿರುತ್ತದೆ, ಕಿಲೋಮೀಟರ್ ಅಂಕಿ ಮಾತ್ರ ಅಲ್ಲೇ ನಿಲ್ಲುತ್ತದೆ. ‘ಸಣ್ಣ ರಿಪೇರಿ ಸಾರ್, ಗೇರಿಗೆ ಎಷ್ಟು ಮಹಾ ಆಗುತ್ತೆ’ ಎಂದ ಡೀಲರ್. ಗೇರ್ ಅಗ್ಗವೇ. ಅದು ನಿಂತಿದ್ದಾಗ ಓಡಿದ ಕಿಲೋಮೀಟರುಗಳನ್ನು ಯಾರು ತಂದುಕೊಡುತ್ತಾರೆ? ಕೈಮುಗಿದು ಹೊರಟೆ.

ನಾನು ಕೊಂಡ ಕಾರು ಸಿಕ್ಕಿದ್ದು ಹೈಲ್‌ಬ್ರೊನ್ ಹತ್ತಿರದ ಹಳ್ಳಿಯೊಂದರಲ್ಲಿ, ನಿವೃತ್ತ ಸರ್ವೇಯರ್ ಒಬ್ಬರ ಮನೆಯಲ್ಲಿ. ಎರಡನೇ ಮಾಲೀಕರು. ಫೈಲು ಅನ್ನುವುದಕ್ಕಿಂತ ಜಾತಕ ಅನ್ನಬೇಕು: ಮೊದಲ ಮಾರಾಟದ ಬಿಲ್ಲು, ಮುದ್ರೆ ಬಿದ್ದ ಸರ್ವಿಸ್ ಪುಸ್ತಕ, ಬೆಲ್ಟ್ ಬದಲಿಸಿದಾಗಿನ ರಸೀದಿಗಳು, ಒಂದೂ ಬಿಡದೆ ಟ್ಯೂಫ್ ವರದಿಗಳು. ಚಾಸಿ ನಂಬರಿನಲ್ಲಿ ಹತ್ತನೆಯ ಅಕ್ಷರ ‘ಜಿ’ ಇದ್ದರೆ 1986ರ ಮಾಡೆಲ್, ಹನ್ನೊಂದನೆಯದು ‘ಎನ್’ ಇದ್ದರೆ ನೆಕಾರ್‌ಸುಲ್ಮ್. ಎರಡೂ ಕೂಡಿಬಂದವು. ಸರ್ವಿಸ್ ಪುಸ್ತಕಕ್ಕೆ ಅಂಟಿಸಿದ ಚೀಟಿಯಲ್ಲಿ ಕಾರ್ಖಾನೆಯಿಂದಲೇ ಏನೇನು ಹಾಕಿಸಿ ತಂದರು ಅನ್ನುವುದರ ಕೋಡ್‌ಗಳಿರುತ್ತವೆ. 220 ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, 650 ಅಂದರೆ ಮೇಲ್ಛಾವಣಿ ತೆರೆಯುವಂಥದ್ದು. ಚೀಟಿಯಲ್ಲಿದ್ದದ್ದು ಕಾರಿನಲ್ಲಿದೆಯೇ, ಕಾರಿನಲ್ಲಿದ್ದದ್ದು ಚೀಟಿಯಲ್ಲಿದೆಯೇ ಅಂತ ಒಂದೊಂದನ್ನೇ ಕೂತು ತಾಳೆ ನೋಡಿದೆ.

ಆಮೇಲೆ ಕಾರು. ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಹಿಂದಿನ ಮಡ್‌ಗಾರ್ಡ್, ಬಾಗಿಲು, ಛಾವಣಿ ಎಲ್ಲ ಅದರೊಳಗೇ ಬಂತು. ಬಲಗಡೆ ಮುಂದಿನ ಮಡ್‌ಗಾರ್ಡ್ ಮಾತ್ರ 260. ತಲೆಯೆತ್ತಿ ನೋಡಿದೆ. ಅವರು ಒಂದೂ ಮಾತಾಡದೆ ಫೈಲು ತಿರುವಿ 1998ರ ಬಿಲ್ಲು ತೆಗೆದಿಟ್ಟರು: ಪಾರ್ಕಿಂಗಿನಲ್ಲಿ ಯಾರೋ ಉಜ್ಜಿದ್ದು, ಪೇಂಟ್ ಮಾಡಿಸಿದ್ದು. 500ಕ್ಕಿಂತ ಮೇಲೆ ಹೋಗಿದ್ದರೆ ಬಣ್ಣದ ಕೆಳಗೆ ಪುಟ್ಟಿ (ಫಿಲ್ಲರ್) ತುಂಬಿದ್ದಾರೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇದರ ಮೈಗೆ ಸತುವಿನ ಲೇಪ ಇದೆ, ತುಕ್ಕಿನ ಭಯವಿಲ್ಲ ಅನ್ನುವವರ ಮಾತು ಅರ್ಧ ನಿಜ. ಬಾಗಿಲ ಕೆಳಗಿನ ಸಿಲ್ ಒಳಗಿನಿಂದ ಕೊರೆಯುತ್ತದೆ, ನೀರು ಇಳಿಯುವ ತೂತು ಮುಚ್ಚಿಕೊಂಡರೆ ಮುಗಿಯಿತು. ಇನ್ನೊಂದು ಜಾಗ ಬ್ಯಾಟರಿ ತಟ್ಟೆ. ನನ್ನದರಂಥ ಸಾದಾ 944ಗಳಲ್ಲಿ ಅದು ಇಂಜಿನ್ನಿನ ಹಿಂದುಗಡೆ ಇರುತ್ತದೆ, ಆಸಿಡ್ ಸೋರಿ ತಟ್ಟೆ ತೂತಾದರೆ ಮಳೆನೀರು ಸೀದಾ ಪಕ್ಕದ ಸೀಟಿನವರ ಕಾಲಬುಡಕ್ಕೆ. ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನು ಬೆರಳಿಂದ ಒತ್ತಿ ನೋಡಬೇಕು. ಒಣಗಿತ್ತು.

ಕಾರಿಗೆ ಆಗ ಹೊರಗಿನ ಕಂಪನಿಯ 17 ಇಂಚಿನ ಚಕ್ರ ಹಾಕಿದ್ದರು. ‘ಮೂಲದ ಚಕ್ರ ಎಲ್ಲಿ?’ ಅಂದೆ. ಶೆಡ್ಡಿನ ಮೂಲೆಯಲ್ಲಿ ಹಳೆ ಕಂಬಳಿ ಹೊದಿಸಿ ನಾಲ್ಕನ್ನೂ ಇಟ್ಟಿದ್ದರು, ಹಳೆಯ ಫೋನಿನ ಡಯಲ್ ಥರ ತೂತುಗಳಿರುವ ಆ ಕಾಲದ ಚಕ್ರಗಳು. ಅವರು ಹೇಳಿದ 7,200 ಯೂರೋ ಅಂದಿನ ಮಾರುಕಟ್ಟೆಗಿಂತ ತುಸು ಜಾಸ್ತಿಯೇ. ನಾನು ಬೆಲೆ ಇಳಿಸಿ ಅನ್ನಲಿಲ್ಲ, ಚಕ್ರಗಳನ್ನು ಸೇರಿಸಿ ಕೊಡಿ ಅಂದೆ. ಒಪ್ಪಿದರು.

ಆಡುಗೋಡಿಯ ಮೈಕೋದಲ್ಲಿ (ಈಗಿನ ಬಾಷ್) ಜೀವಮಾನ ಕಳೆದ ನನ್ನ ಸೋದರಮಾವ ಸುದ್ದಿ ಕೇಳಿ ಫೋನಿನಲ್ಲೇ ಬೈದರು. ‘ಅಲ್ಲ ಕಣೋ, ಅಷ್ಟು ದುಡ್ಡು ಕೊಟ್ಟು ಇಪ್ಪತ್ತೇಳು ವರ್ಷದ ಡಬ್ಬ ತಗೊಂಡ್ಯಾ?’ ಸ್ವಲ್ಪ ಸುಮ್ಮನಿದ್ದು, ‘ಇಂಜೆಕ್ಷನ್ ನಮ್ಮ ಬಾಷ್‌ದೇ ತಾನೆ?’ ಅಂದರು. ಹೌದು ಮಾವ, ಮೋಟ್ರೋನಿಕ್ ಅಂದೆ. ಆಮೇಲೆ ಬೈಯಲಿಲ್ಲ. ಅಂದಹಾಗೆ ಈ ಮೋಟ್ರೋನಿಕ್ಕಿಗೆ ಕರೆಂಟು ಕೊಡುವ ರಿಲೇ ವಯಸ್ಸಾದಾಗ ಹೇಳದೆ ಕೇಳದೆ ಕೈಕೊಡುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಒಂದು ಹೊಸದನ್ನು ಸದಾ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟಿರಿ.

ತಂದ ಕೂಡಲೇ ಬೆಲ್ಟ್‌ಗಳನ್ನು ಬದಲಿಸಿದೆ. ಟೈಮಿಂಗ್‌ಗೆ ಒಂದು, ಬ್ಯಾಲೆನ್ಸ್ ಶಾಫ್ಟ್‌ಗೆ ಒಂದು. ಹಿಂದಿನವರ ರಸೀದಿ ಇದ್ದರೂ ಸರಿ, ಇದರಲ್ಲಿ ಜಿಪುಣತನ ಬೇಡ. ಪಿ9201 ಎಂಬ ಬಿಗಿತ ಅಳೆಯುವ ಸಾಧನ ಇಟ್ಟಿರುವ ಮೆಕ್ಯಾನಿಕ್ ಹತ್ತಿರವೇ ಹೋಗಿ. ಬೆರಳಿಂದ ತಿರುಚಿ ನೋಡಿ ‘ಸರಿಯಾಗಿದೆ’ ಅನ್ನುವವರ ಹತ್ತಿರ ಬೇಡ.

2016ರಲ್ಲಿ ಮೊದಲ ನೋಂದಣಿಗೆ 30 ವರ್ಷ ತುಂಬಿತು, ಚಾರಿತ್ರಿಕ ವಾಹನಗಳಿಗೆ ಕೊಡುವ ‘ಎಚ್’ ನಂಬರ್‌ಪ್ಲೇಟಿಗೆ ಅರ್ಜಿ ಹಾಕಿದೆ. ಅದು ಸಿಕ್ಕರೆ ಇಂಜಿನ್ ಎಷ್ಟೇ ದೊಡ್ಡದಿರಲಿ ವರ್ಷದ ತೆರಿಗೆ 191.73 ಯೂರೋ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ನನ್ನ ಎರಡೂವರೆ ಲೀಟರ್ ಇಂಜಿನ್ನಿಗೆ ಇಲ್ಲದಿದ್ದರೆ ಸುಮಾರು ಮೂರು ಪಟ್ಟು ಆಗುತ್ತಿತ್ತು. ಹೊಗೆ ನಿರ್ಬಂಧವಿರುವ ಊರೊಳಗೂ ಓಡಿಸಬಹುದು. ಆದರೆ ಗಾಡಿ ಮೂಲರೂಪದಲ್ಲಿರಬೇಕು, ಬದಲಾವಣೆ ಇದ್ದರೂ ಆ ಕಾಲಕ್ಕೆ ಸಲ್ಲುವಂಥದ್ದಾಗಿರಬೇಕು. ಕಂಬಳಿಯೊಳಗಿನ ಚಕ್ರಗಳನ್ನು ಹಾಕಿಸಿಕೊಂಡು ಹೋದೆ, ಪರೀಕ್ಷಕರು ಸುತ್ತು ಬಂದು ಸಹಿ ಹಾಕಿದರು. ಹಳೆ ಕಾರು ಮಾರುವವರನ್ನು ಬಿಚ್ಚಿಟ್ಟ ಸಾಮಾನು ಎಲ್ಲಿ ಅಂತ ಕೇಳದೆ ಬರಬೇಡಿ.

ದುಡ್ಡಿನ ವಿಷಯ. ಇಲ್ಲಿ ಕಾರಿನ ಸ್ಥಿತಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 1 ಅಂದರೆ ಹೊಸದರಂತೆ. ವಿಮೆಗೆಂದು ಮಾಡಿಸಿದ ಈಚಿನ ಮೌಲ್ಯಮಾಪನದಲ್ಲಿ ನನ್ನದಕ್ಕೆ ‘2 ಮೈನಸ್’, ಬೆಲೆ 19,000 ಯೂರೋ. ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಬೆಲ್ಟು, ಒಂದು ಕ್ಲಚ್, ಟೈರು, ವಿಮೆ, ಗ್ಯಾರೇಜಿನ ಬಾಡಿಗೆ ಎಲ್ಲ ಕೂಡಿಸಿದರೆ ಕೊಂಡ ಬೆಲೆಗಿಂತ ಜಾಸ್ತಿಯೇ ಸುರಿದಿದ್ದೇನೆ. ಕೊಂಡು ಒಂದು ವರ್ಷ ಕಳೆದ ಮೇಲೆ ಖಾಸಗಿಯಾಗಿ ಮಾರಿದರೆ ಇಲ್ಲಿ ಲಾಭದ ಮೇಲೆ ತೆರಿಗೆಯಿಲ್ಲ, ಸರಿ. ಲಾಭ ಉಳಿದರೆ ತಾನೆ ತೆರಿಗೆಯ ಮಾತು! ಇಷ್ಟು ವರ್ಷ ಬಿಟ್ಟಿ ಓಡಿಸಿದೆ ಅನ್ನಬಹುದು, ಅಷ್ಟೆ. ಬೆಲೆ ಏರುತ್ತಲೇ ಇರುತ್ತದೆ ಅನ್ನುವುದೂ ಸುಳ್ಳು. 1980ರ ದಶಕದ ಕೊನೆಯಲ್ಲಿ ಹೀಗೇ ಉಬ್ಬಿದ ಹಳೆ ಕಾರುಗಳ ಬೆಲೆ 90ರ ದಶಕದ ಮೊದಲಲ್ಲಿ ಕುಸಿದಿತ್ತು. ಕೋವಿಡ್ ಕಾಲದಲ್ಲಿ ಜಿಗಿದದ್ದೂ ಬಡ್ಡಿ ಏರಿದ ಮೇಲೆ ತಣ್ಣಗಾಗಿದೆ.

‘ಒಂದು ಬೆಂಗಳೂರಿಗೆ ಕಳಿಸು, ಇಟ್ಕೊಂಡಿರ್ತೀನಿ’ ಅನ್ನುವ ಗೆಳೆಯರಿದ್ದಾರೆ. ಬಳಸಿದ ಕಾರು ತರಿಸಲು ಭಾರತದ ಸಾಮಾನ್ಯ ನಿಯಮ ಮೂರು ವರ್ಷಕ್ಕಿಂತ ಹಳೆಯದಕ್ಕೆ ಒಪ್ಪುವುದಿಲ್ಲ, ಸ್ಟಿಯರಿಂಗೂ ಬಲಗಡೆಗಿರಬೇಕು. ಆ ಆಸೆ ಬಿಟ್ಟುಬಿಡಿ.

ಈಗ ಶುರು ಮಾಡುವವರು ಯಾವುದನ್ನು ನೋಡಬೇಕು ಅಂದರೆ, ನಾನಾಗಿದ್ದರೆ ಮೊದಲ ಬಾಕ್ಸ್‌ಸ್ಟರ್, ಅಂದರೆ 986. ಅದು 1996ರ ಕೊನೆಗೆ ಬಂದದ್ದು, ಮೊದಲ ಗಾಡಿಗಳು 2026ರಲ್ಲಿ ‘ಎಚ್’ ಪ್ಲೇಟಿನ ವಯಸ್ಸು ಮುಟ್ಟುತ್ತವೆ. ಅಂದಿನ 944 ಥರವೇ ಇಂದು ಅದರ ಬಗ್ಗೆಯೂ ತಾತ್ಸಾರ ಇದೆ, ದುಬಾರಿ ರೋಗವೂ ಇದೆ. ಇಂಜಿನ್ನಿನೊಳಗಿನ ಐಎಂಎಸ್ (ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗ್ ಒಡೆದರೆ ಇಡೀ ಇಂಜಿನ್ ಹಾಳು. ‘ಅದನ್ನ ಆಗಲೇ ಬದಲಿಸಿದ್ದೀವಿ’ ಅಂದವರಿಂದ ದಿನಾಂಕ, ಕಿಲೋಮೀಟರ್ ಎರಡೂ ಇರುವ ರಸೀದಿ ಈಸಿಕೊಳ್ಳಿ. ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಅದರ ಖರ್ಚು ಕಳೆದು ಬೆಲೆ ಹೇಳಿ.