ಓದಿದ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ

ಹೋಗುವುದಾದರೆ ತರಗತಿಗಳು ನಡೆಯುವ ದಿನವೇ ಹೋಗಿ. ಭಾನುವಾರ ಬೇಡ, ದಸರಾ ರಜೆ ಬೇಡ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೂ ಬೇಡ. ಮಕ್ಕಳಿಗೂ ರಜೆ, ನಮಗೂ ರಜೆ ಎಂದು ಹೆಚ್ಚಿನವರು ಅಂಥ ದಿನವನ್ನೇ ಆರಿಸಿಕೊಳ್ಳುತ್ತಾರೆ. ಬೀಗ ಹಾಕಿದ ವಿಭಾಗಗಳು, ಮುಚ್ಚಿದ ಕ್ಯಾಂಟೀನು, ಗೇಟಿನ ಬಳಿ ಒಬ್ಬ ಕಾವಲುಗಾರ. ಇಷ್ಟನ್ನೇ ನೋಡಿದ ಮಗುವಿಗೆ ಅಮ್ಮ ಇಲ್ಲಿ ಎರಡು ವರ್ಷ ಏನು ಮಾಡುತ್ತಿದ್ದಳು ಎಂಬುದು ಹೇಗೆ ತಿಳಿಯಬೇಕು? ತಡವಾಯಿತೆಂದು ತರಗತಿಗೆ ಓಡುವ ಹುಡುಗಿಯರು, ಬಸ್ಸಿಗೆ ಕಾಯುತ್ತಲೇ ನೋಟ್ಸ್ ತಿರುವಿ ಹಾಕುವ ಹುಡುಗರು, ಮರದ ಕೆಳಗೆ ಜೋರಾಗಿ ವಾದಿಸುವ ನಾಲ್ಕು ಜನ ಕಣ್ಣಿಗೆ ಬಿದ್ದರೆ ನಾವು ವಿವರಿಸುವ ಅಗತ್ಯವೇ ಇರುವುದಿಲ್ಲ. ನಾನೇ ಶಿಕ್ಷಕಿ, ಆದರೂ ಈ ಕಾರಣಕ್ಕೆ ಮಗಳ ಶಾಲೆಗೆ ರಜಾ ಅರ್ಜಿ ಬರೆಯಲು ನನಗೆ ಸಂಕೋಚವಿಲ್ಲ. ಪರೀಕ್ಷೆಯ ದಿನಗಳನ್ನು ಮಾತ್ರ ತಪ್ಪಿಸಿ. ವೇಳಾಪಟ್ಟಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರಕಟವಾಗುತ್ತದೆ.

ನಾನು ಓದಿದ್ದು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣದಲ್ಲಿ. ಅಲ್ಲಿಯ ಕನ್ನಡ ವಿಭಾಗಕ್ಕೆ ಕನ್ನಡ ಭಾರತಿ ಎಂದು ಹೆಸರು. 1987ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯ ಶಿವಮೊಗ್ಗದಿಂದ 28 ಕಿಲೋಮೀಟರ್ ದೂರದಲ್ಲಿ, ಭದ್ರಾ ಜಲಾಶಯದ ಮಗ್ಗುಲಲ್ಲಿದೆ. ಪೇಟೆಯ ಕಾಲೇಜಿಗಾದರೆ ಯಾವುದೋ ಕೆಲಸಕ್ಕೆ ಹೋದವರು ಹಾಗೆಯೇ ಹೊಕ್ಕು ಬರಬಹುದು. ಶಂಕರಘಟ್ಟಕ್ಕೆ ಹೋಗಲೆಂದೇ ಹೋಗಬೇಕು, ಆದ್ದರಿಂದ ಸಿದ್ಧತೆ ಬೇಕು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೋ ನವುಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದಿದವರಿಗೂ ಮುಂದಿನ ಮಾತುಗಳಲ್ಲಿ ಬಹುಪಾಲು ಒದಗುತ್ತವೆ. ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಳೆ, ಮಗನಿಗೆ ನಾಲ್ಕು ವರ್ಷ. ಯಜಮಾನರು ಧಾರವಾಡದಲ್ಲಿ ಓದಿದವರು.

ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಮಕ್ಕಳಿಗೆ ಹಿತ. ಮಳೆಗಾಲದಲ್ಲಿ ಆವರಣ ನೋಡಲು ಇನ್ನೂ ಚೆಲುವು, ಒಪ್ಪುತ್ತೇನೆ. ಆದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗು ಎಂದಾದರೆ ಯಾವುದನ್ನೂ ನೋಡಲಾಗುವುದಿಲ್ಲ. ಮಳೆಯಲ್ಲೇ ಹೋಗಬೇಕೆಂಬ ಹಟವಿದ್ದರೆ ಇಂಬಳದ, ಅಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆಯ, ವಿಷಯವನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಡಿ. ಅದನ್ನು ಕಿತ್ತೆಳೆಯಬಾರದು, ಉಪ್ಪು ಮುಟ್ಟಿಸಿದರೆ ತಾನಾಗಿ ಉದುರುತ್ತದೆ ಎಂದು ಮೊದಲೇ ಗೊತ್ತಿದ್ದ ಮಗು ಕಿರುಚಿಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಹೋಗುವವರು ಗಮನಿಸಬೇಕಾದದ್ದು ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಬೇಸಿಗೆಯವರೆಗೆ. ಅದು ಹರಡುವುದು ಉಣುಗುಗಳ ಮೂಲಕ. ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಮಕ್ಕಳಿಗೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಕಾಡಿನ ಅಂಚಿನಲ್ಲಿ ತರಗೆಲೆಯ ಮೇಲೆ ಕೂರಲು ಬಿಡಬೇಡಿ. ಸಂಜೆ ಮೈಕೈ ನೋಡಿ ಸ್ನಾನ ಮಾಡಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಇನ್ನು ಪ್ರಯಾಣ. ಸ್ವಂತ ಕಾರಿದ್ದರೂ ಒಂದು ಕಡೆಯ ದಾರಿಯನ್ನಾದರೂ ಬಸ್ಸಿನಲ್ಲಿ ಹೋಗಿ. ನಾವು ಭದ್ರಾವತಿಯಲ್ಲಿ ಇಳಿದುಕೊಂಡೆವು. ಯಜಮಾನರು ಮಗನನ್ನು ಕರೆದುಕೊಂಡು ಕಾರಿನಲ್ಲಿ ಮುಂದೆ ಹೋದರು, ನಾನೂ ಮಗಳೂ ಭದ್ರಾ ಅಣೆಕಟ್ಟೆಯ ಬಳಿಯ ಊರಾದ ಬಿ.ಆರ್. ಪ್ರಾಜೆಕ್ಟ್ ಕಡೆಯ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸಾದರೆ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಚಿಲ್ಲರೆ ಇಟ್ಟುಕೊಂಡಿರಿ. ದಾರಿಯುದ್ದಕ್ಕೂ ಹೇಳಲು ಬೇಕಾದಷ್ಟಿದೆ. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು ಎಂದೆ, ಮಗಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಅದರ ಹಿಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮ, ಮೈಸೂರು ಸಂಸ್ಥಾನದ ಕಾಲದಲ್ಲೇ ಬಂದ ಕಾಗದದ ಕಾರ್ಖಾನೆ, ಇವನ್ನೆಲ್ಲ ಪಾಠದಂತೆ ಒಪ್ಪಿಸದೆ ಕಂಡದ್ದಕ್ಕೆ ತಕ್ಕಂತೆ ಒಂದೊಂದೇ ಮಾತು ಹೇಳಿ. ಊರು ದಾಟಿದ ಮೇಲೆ ಗದ್ದೆ, ಅಡಿಕೆ ತೋಟ. ಕೊಯ್ಲಿನ ಕಾಲವಾದರೆ ಅಂಗಳಗಳಲ್ಲಿ ಬೇಯಿಸಿದ ಅಡಿಕೆ ಹರವಿರುತ್ತಾರೆ. ಆ ಒಗರು ವಾಸನೆ ಬಸ್ಸಿನೊಳಕ್ಕೂ ಬರುತ್ತದೆ. ಕಾರಿನ ಕಿಟಕಿ ಮುಚ್ಚಿಕೊಂಡು ಹೋದರೆ ಅದು ಸಿಗುವುದಿಲ್ಲ.

ಆವರಣದೊಳಗೆ ಮೂರೇ ಜಾಗ ತೋರಿಸಿ. ಓದಿದ ಜಾಗ, ಉಂಡ ಜಾಗ, ಮಲಗಿದ ಜಾಗ. ಆಡಳಿತ ಭವನ, ಹೊಸ ಕಟ್ಟಡಗಳು, ಸಭಾಂಗಣಗಳೆಲ್ಲ ನಿಮ್ಮ ಕುತೂಹಲಕ್ಕೇ ಹೊರತು ಮಕ್ಕಳಿಗಲ್ಲ. ವಿಭಾಗಕ್ಕೆ ಮೊದಲೇ ಫೋನ್ ಮಾಡಿ, ನಾನು ಹಳೆಯ ವಿದ್ಯಾರ್ಥಿನಿ, ಮಕ್ಕಳೊಂದಿಗೆ ಬರುತ್ತೇನೆ, ತರಗತಿ ಬಿಡುವಿದ್ದ ಹೊತ್ತಿನಲ್ಲಿ ಒಮ್ಮೆ ಒಳಗೆ ಕೂರಬಹುದೇ ಎಂದು ಕೇಳಿ. ಹೀಗೆ ಕೇಳಿದವರಿಗೆ ಇಲ್ಲ ಎನ್ನುವ ಅಧ್ಯಾಪಕರು ಕಡಿಮೆ. ಒಳಗೆ ಹೋದ ಮೇಲೆ ನೀವು ಕೂರುತ್ತಿದ್ದ ಬೆಂಚಿನಲ್ಲಿ ಮಗುವನ್ನು ಕೂರಿಸಿ, ನೀವು ಹಲಗೆಯ ಮುಂದೆ ನಿಲ್ಲಿ. ನನ್ನ ಮಗಳು ಮೇಜಿನ ಮೇಲೆ ಕೆತ್ತಿದ ಹೆಸರುಗಳನ್ನು ಒಂದೊಂದಾಗಿ ಓದಿದಳು. ಮಗನಿಗೆ ಬೇಕಾದದ್ದು ಸೀಮೆಸುಣ್ಣ ಮಾತ್ರ. ಅಳಿಸಿ ಬರುವ ಜವಾಬ್ದಾರಿ ನಿಮ್ಮದು.

ಗ್ರಂಥಾಲಯಕ್ಕೆ ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಹೋಗಬೇಡಿ, ಓದುವವರಿಗೆ ತೊಂದರೆ. ಓದಲು ಬರುವ ಮಗುವನ್ನು ಮಾತ್ರ, ಅನುಮತಿ ಕೇಳಿ, ಒಳಗೆ ಕರೆದೊಯ್ಯಿರಿ. ಆಗಿನ ಕಾಲಕ್ಕೆ ನೀವು ಎರವಲು ಪಡೆದ ಒಂದು ಪುಸ್ತಕದ ಹೆಸರನ್ನು ನೆನಪಿಟ್ಟುಕೊಂಡು ಹೋಗಿ ಅದನ್ನೇ ಹುಡುಕಿ. ನಾನು ಹುಡುಕಿದ್ದು ಹಳಗನ್ನಡ ವ್ಯಾಕರಣದ ದಪ್ಪ ಪುಸ್ತಕವೊಂದನ್ನು. ರಟ್ಟು ಬದಲಾಗಿತ್ತು. ಕೊನೆಯ ಪುಟಕ್ಕೆ ಅಂಟಿಸಿದ ಹಾಳೆ ಮಾತ್ರ ಹಾಗೆಯೇ ಇತ್ತು: ಅಂಚು ಹಳದಿಯಾದ ತೆಳು ಕಾಗದ, ಅದರ ಮೇಲೆ ನೇರಳೆ ಮಸಿಯಲ್ಲಿ ಒತ್ತಿದ ತಾರೀಖುಗಳು, ಕೆಲವು ನೇರವಾಗಿ, ಕೆಲವು ಓರೆಯಾಗಿ, ಒಂದರ ಮೇಲೊಂದು. ಮಗಳು ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದಳು. ನಾನು ಓದುತ್ತಿದ್ದ ವರ್ಷದ ಮುದ್ರೆ ಸಿಕ್ಕಿದಾಗ, "ಅಮ್ಮಾ, ಇದು ನೀನೇ ತೆಗೆದುಕೊಂಡದ್ದಾ?" ಎಂದು ಪಿಸುಗುಟ್ಟಿದಳು. ಆ ಸಾಲಿನಲ್ಲಿ ನಾನೂ ಇದ್ದೇನೆ ಎಂದೆ. ಅವಳು ಆ ಹಾಳೆಯನ್ನು ಮತ್ತೆ ಮೊದಲಿನಿಂದ ನೋಡಿದಳು.

ಹಾಸ್ಟೆಲ್ಲಿನ ವಿಷಯದಲ್ಲಿ ಬಿಗಿಯಾಗಿರಿ. ನಿಮ್ಮ ಕೋಣೆ ಈಗ ಬೇರೆ ಹುಡುಗಿಯ ಮನೆ. ಬಾಗಿಲು ತಟ್ಟಿ, ಇದು ನನ್ನ ರೂಮಾಗಿತ್ತು, ಒಮ್ಮೆ ನೋಡುತ್ತೇನೆ ಎಂದರೆ ಪಾಪ, ಅವಳು ಇಲ್ಲ ಎನ್ನಲಾರಳು. ಹಾಗೆ ಮುಜುಗರಕ್ಕೆ ಸಿಲುಕಿಸುವುದು ಸರಿಯಲ್ಲ. ವಾರ್ಡನ್ ಅವರಿಗೆ ಹೇಳಿ ಹೊರಗಿನಿಂದ ಕಿಟಕಿ ತೋರಿಸಿ, ಸಾಕು. ಗಂಡಸರು ಗೇಟಿನ ಹೊರಗೇ ಇರಲಿ. ವಿದ್ಯಾರ್ಥಿನಿಯರ ಫೋಟೋ ತೆಗೆಯಬೇಡಿ. ಕಿಟಕಿಯ ಕೆಳಗೆ ನಿಂತು ಒಂದೇ ಒಂದು ಸಂಗತಿ ಹೇಳಿ, ಅದೂ ಮೈಗೆ ತಾಕುವಂಥದ್ದನ್ನು. ಜುಲೈ ತಿಂಗಳಲ್ಲಿ ವಾರವಾದರೂ ಒಣಗದ ಬಟ್ಟೆ, ಕೋಣೆಯೊಳಗೆ ಅಡ್ಡಡ್ಡ ಕಟ್ಟಿದ ಹಗ್ಗ, ಮಂಚದ ಮೇಲೆ ತೊಟಕ್ಕೆಂದು ಬೀಳುವ ಹನಿ, ಹಸಿ ಅಂಗಿಯನ್ನೇ ತೊಟ್ಟು ತರಗತಿಗೆ ಹೋಗುತ್ತಿದ್ದುದು. ನನ್ನ ಮಕ್ಕಳು ಮನೆಗೆ ಬಂದ ಮೇಲೂ ಮತ್ತೆ ಮತ್ತೆ ಕೇಳಿದ್ದು ಈ ಒದ್ದೆ ಬಟ್ಟೆಯ ಕತೆಯನ್ನೇ.

ಊಟಕ್ಕೆ ಕ್ಯಾಂಟೀನಿಗೇ ಹೋಗಿ, ಆದರೆ ವಿದ್ಯಾರ್ಥಿಗಳು ಮುಗಿಬೀಳುವ ಹೊತ್ತಿಗೆ ಮೊದಲೇ. ಚಿಕ್ಕವನಿಗೆ ಡಬ್ಬಿಯಲ್ಲಿ ಮೊಸರನ್ನ ಒಯ್ದಿದ್ದೆ, ದೊಡ್ಡವಳು ಚಿತ್ರಾನ್ನ ತಿಂದಳು. ಶೌಚಾಲಯ ಎಲ್ಲಿದೆ ಎಂದು ವಿಭಾಗದಲ್ಲೇ ಕೇಳಿಟ್ಟುಕೊಳ್ಳಿ. ಮಂಗಗಳು ಕಂಡಲ್ಲಿ ಬಿಸ್ಕತ್ತಿನ ಪೊಟ್ಟಣ ಹೊರತೆಗೆಯಬೇಡಿ.

ಜೊತೆಗೆ ಬಂದ ಗಂಡನಿಗೋ ಹೆಂಡತಿಗೋ ಏನಾದರೂ ಕೆಲಸ ಕೊಡಿ. ನಮಗೆ ಹೆಜ್ಜೆಹೆಜ್ಜೆಗೂ ನೆನಪು, ಅವರಿಗೆ ಅದು ಗೊತ್ತಿಲ್ಲದ ಊರು. ನಮ್ಮ ಯಜಮಾನರಿಗೆ ಹಳೆಯ ಫೋಟೋ ಒಂದನ್ನು ಕೊಟ್ಟು, ಇದನ್ನು ತೆಗೆದ ಜಾಗ ಹುಡುಕಿ ಎಂದಿದ್ದೆ. ಅವರೂ ಮಗನೂ ಸೇರಿ ಮೆಟ್ಟಿಲು, ಕಂಬ, ಮರ ಹೋಲಿಸುತ್ತಾ ಊರೆಲ್ಲ ಸುತ್ತಿ ಕಡೆಗೂ ಕಂಡುಹಿಡಿದರು. ಮಕ್ಕಳ ಎದುರು "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂಬ ಮಾತು ಮಾತ್ರ ಬೇಡವೇ ಬೇಡ. ಅಲ್ಲಿ ಓದುತ್ತಿರುವವರಿಗೆ ಇದೇ ಅವರ ಕಾಲ.

ನಿವೃತ್ತರಾದ ಗುರುಗಳು ಹತ್ತಿರದಲ್ಲಿದ್ದರೆ ಅವರನ್ನು ನೋಡದೆ ಬರಬೇಡಿ. ಇಡೀ ಪ್ರಯಾಣದಲ್ಲಿ ನಾನು ಒತ್ತಿ ಹೇಳುವ ಭಾಗ ಇದು. ಹಿಂದಿನ ದಿನವೇ ಫೋನ್ ಮಾಡಿ, ಮಧ್ಯಾಹ್ನದ ನಿದ್ರೆ ಮುಗಿಯುವ ಹೊತ್ತು ಕೇಳಿಕೊಳ್ಳಿ. ಹಣ್ಣು ಸಾಕು, ಶಾಲು ಹಾರ ಬೇಡ. ಮಕ್ಕಳಿಂದ ನಮಸ್ಕಾರ ಮಾಡಿಸಿ, ಆಮೇಲೆ ಸುಮ್ಮನಿರಿ. ಮಾತನ್ನು ಅವರಿಗೇ ಬಿಡಿ. ನನ್ನ ಗುರುಗಳು ಶಿವಮೊಗ್ಗದಲ್ಲಿದ್ದಾರೆ. ಮಗಳು ನೇರವಾಗಿ, "ಅಜ್ಜ, ನೀವು ಅಮ್ಮನಿಗೆ ಬೈದಿದ್ದೀರಾ?" ಎಂದು ಕೇಳಿದಳು. "ಬೈದಿಲ್ಲ ಮರಿ, ಬರೆಸಿದ್ದೇನೆ. ಒಂದೇ ಪ್ರಬಂಧವನ್ನು ಮೂರು ಸಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗಲೂ ಬರೆಯುತ್ತೀಯೇನಮ್ಮಾ?" ಎಂದರು. ಬರೆಯುತ್ತೇನೆ ಸರ್ ಎಂದೆ. ಮಗಳಿಗೆ ಅಮ್ಮನನ್ನು ಪ್ರಶ್ನಿಸುವವರೂ ಇದ್ದಾರೆ ಎಂದು ಅಂದು ಗೊತ್ತಾಯಿತು. ಅದು ಗೊತ್ತಾಗುವುದು ಒಳ್ಳೆಯದು.

ಆವರಣದಲ್ಲಿ ಅರ್ಧ ದಿನ ಸಾಕು. ಉಳಿದ ಹೊತ್ತು ನೀರಿನ ಹತ್ತಿರ ಕಳೆಯಿರಿ. ಭದ್ರಾ ಅಣೆಕಟ್ಟೆ ಅಲ್ಲಿಂದ ಕೆಲವೇ ಕಿಲೋಮೀಟರ್. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನವೂ ಬರುವ ಆ ಅಂಕಿಯನ್ನು ಮಗುವಿಗೆ ಮೊದಲೇ ತೋರಿಸಿದ್ದರೆ, ನೀರು ಕಂಡಾಗ ಅದಕ್ಕೊಂದು ಅರ್ಥ ಬರುತ್ತದೆ. ಎಲ್ಲಿಯವರೆಗೆ ಬಿಡುತ್ತಾರೋ ಅಲ್ಲಿಯವರೆಗೆ ಹೋಗಿ, ಕಾವಲಿನವರೊಂದಿಗೆ ವಾದಿಸಬೇಡಿ. ಆಚೆಗಿರುವುದು ಭದ್ರಾ ಅಭಯಾರಣ್ಯ, ಹುಲಿಗಳಿರುವ ಕಾಡು. ಬೇಸಿಗೆಯಲ್ಲಿ ನೀರಿಳಿದಾಗ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಹಕ್ಕಿಯ ಮೋಹವಿದ್ದವರು ಆ ಕಾಲವನ್ನೇ ಆರಿಸಿಕೊಳ್ಳಬಹುದು. ಕತ್ತಲಾಗುವ ಮೊದಲು ಕಾಡಂಚಿನ ರಸ್ತೆ ಬಿಟ್ಟುಬಿಡಿ.

ಜೋಗವನ್ನು ಇದೇ ಪ್ರಯಾಣಕ್ಕೆ ಸೇರಿಸುವ ಆಸೆ ಬೇಡ. ಅದು ಶಿವಮೊಗ್ಗದಿಂದ ಸುಮಾರು ನೂರು ಕಿಲೋಮೀಟರ್, ಮಕ್ಕಳು ದಣಿದುಹೋಗುತ್ತಾರೆ. ರಾತ್ರಿ ಶಿವಮೊಗ್ಗದಲ್ಲಿ ತಂಗಿ, ಬೆಳಿಗ್ಗೆ ಬೇಗ ಎದ್ದು ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ದೂರದ ಸಕ್ರೆಬೈಲಿಗೆ ಹೋಗಿ. ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಮಾವುತರು ಸ್ನಾನ ಮಾಡಿಸುವುದು ಬೆಳಗಿನ ಹೊತ್ತಿನಲ್ಲಿ ಮಾತ್ರ. ರೈಲಿನಲ್ಲಿ ಮರಳುವವರಿಗೆ ಭದ್ರಾವತಿಯಲ್ಲೂ ರೈಲು ಸಿಗುತ್ತದೆ, ಆದರೆ ಅಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು. ಚಿಕ್ಕ ಮಕ್ಕಳು, ಚೀಲಗಳು ಜೊತೆಗಿದ್ದರೆ ಶಿವಮೊಗ್ಗದಿಂದಲೇ ಹೊರಡುವ ರೈಲನ್ನು ನೋಡಿ ಟಿಕೆಟ್ ಕಾದಿರಿಸಿ, ಅಲ್ಲಿಯೇ ನಿಧಾನವಾಗಿ ಹತ್ತಿ ಕೂರಬಹುದು.